ಮಲ್ಲನ ಚುಕ್ಕಿ

ಅಭಿನವ ತೀರಿಕೊಂಡು ಮೂರು ವರ್ಷವಾಗುತ್ತ ಬಂದಿದ್ದರೂ ಅವನ ಫೋನು ಒಂದು ದಿನವೂ ಆರಿಹೋಗಲು ದಾನೇಶ್ವರಿ ಬಿಟ್ಟಿರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ, ಮಿಕ್ಸರಿನ ಪಕ್ಕದ ಪ್ಲಗ್ಗಿನಲ್ಲಿ ಅದು ಸದಾ ಚಾರ್ಜಿಗಿರುತ್ತಿತ್ತು. ಬೆಳಿಗ್ಗೆ ಹಾಲು ಕಾಯಲಿಟ್ಟು ಮೊದಲು ಅದನ್ನು ಕೈಗೆತ್ತಿಕೊಳ್ಳುತ್ತಿದ್ದಳು. ಅದಕ್ಕೆ ಯಾರ ಕರೆಯೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಒಂದು ನಕ್ಷೆ, ನಕ್ಷೆಯ ಮೇಲೆ ಎರಡು ಚುಕ್ಕಿ. ಕೆಂಪು ಚುಕ್ಕಿ ಬಸವ್ವ, ನೀಲಿ ಚುಕ್ಕಿ ಮಲ್ಲ. ಎರಡೂ ಕೀನ್ಯಾದ ಹುಲ್ಲುಗಾವಲಿನ ಸಿಂಹಗಳು. ಅವುಗಳ ಕೊರಳಪಟ್ಟಿಯೊಳಗಿನ ಯಂತ್ರ ದಿನಕ್ಕೆ ಕೆಲವು ಸಲ ಉಪಗ್ರಹಕ್ಕೆ ತಾನಿರುವ ಜಾಗ ತಿಳಿಸುತ್ತಿತ್ತು. ಪಟ್ಟಿ ಕಟ್ಟಿದವನು ಅಭಿನವ. ಅವನು ಹೋದರೂ ಚುಕ್ಕಿಗಳು ನಿಂತಿರಲಿಲ್ಲ.

ಇಳಕಲ್ ಕಡೆಯ ಈ ಸಂಸಾರ ಕೊಲ್ಲಿ ದೇಶದ ಅಲ್ ಐನ್‌ಗೆ ಬಂದು ಮೂವತ್ತು ವರ್ಷವೇ ಆಗಿತ್ತು. ಗಂಡ ಸಿದ್ದೇಶ ನೀರು ಸರಬರಾಜಿನ ಕಂಪನಿಯಲ್ಲಿ ಎಂಜಿನಿಯರ್, ದಾನೇಶ್ವರಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಮಕ್ಕಳಿಬ್ಬರೂ ಇಲ್ಲೇ ಹುಟ್ಟಿದವರು. ಮನೆಯಿಂದ ಮೃಗಾಲಯ ದೂರವಿರಲಿಲ್ಲ. ಚಳಿಗಾಲದಲ್ಲಿ ಗಾಳಿ ಜಬಲ್ ಹಫೀತ್ ಬೆಟ್ಟದ ಕಡೆಯಿಂದ ತಿರುಗಿತೆಂದರೆ ನಸುಕಿನ ಬಾಂಗಿನ ಬೆನ್ನಿಗೇ ಸಿಂಹದ ಗರ್ಜನೆ ತೇಲಿ ಬರುತ್ತಿತ್ತು. ಅಕ್ಕ ಪ್ರತೀಕ್ಷಾ ಹೊದಿಕೆಯೊಳಗೆ ತಲೆ ಹುದುಗಿಸಿದರೆ ಅಭಿನವ ಕಿಟಕಿಗೆ ಹೋಗಿ ನಿಲ್ಲುತ್ತಿದ್ದ. ಓದು ಮುಗಿಸಿ, ಅಪ್ಪ ಹೇಳಿದ ಯಾವ ಕೆಲಸಕ್ಕೂ ಹೋಗದೆ, ಕಾಡುಸಿಂಹಗಳನ್ನು ಅಧ್ಯಯನ ಮಾಡುವ ಒಂದು ತಂಡವನ್ನು ಸೇರಿ ಕೀನ್ಯಾಕ್ಕೆ ಹೊರಟುಹೋದ.

ಅವನು ಅಲ್ಲಿಯ ಸಿಂಹಗಳಿಗೆ ಮನೆಯ ಹೆಸರುಗಳನ್ನೇ ಇಟ್ಟ. ಹಿಂಡಿನ ಹಿರಿಯ ಸಿಂಹಿಣಿಗೆ ತನ್ನ ಅಜ್ಜಿ ಬಸಲಿಂಗವ್ವನ ಹೆಸರು, ಬಸವ್ವ ಎಂದು. ಮೊಮ್ಮಗ ತನ್ನ ಹೆಸರನ್ನು ಹುಲಿಗೆ ಇಟ್ಟಿದ್ದಾನೆಂದು ಆ ಮುದುಕಿ ಇಳಕಲ್ಲಿನಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಹುಲಿಯಲ್ಲ ಸಿಂಹ ಎಂದು ಯಾರು ತಿದ್ದಿದರೂ ಕೇಳಲಿಲ್ಲ. ಆ ಹಿಂಡನ್ನು ಕಾಯುತ್ತಿದ್ದ ಅಣ್ಣತಮ್ಮ ಗಂಡುಗಳಿಗೆ ಕುಸ್ತಿಯವರ ಹೆಸರು: ಕಪ್ಪು ಕೇಸರದವನು ಮಲ್ಲ, ಕುಂಟು ನಡಿಗೆಯವನು ಜಟ್ಟಿ.

ರಜೆಗೆ ಬಂದಾಗ ಮಗ ಅಡುಗೆಮನೆಯ ಬಾಗಿಲಿಗೆ ಒರಗಿ ಸಿಂಹಗಳ ಸಂಸಾರವನ್ನೆಲ್ಲ ಹೇಳುತ್ತಿದ್ದ. ಜಾಗ ಹೆಣ್ಣುಗಳದು. ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಅದೇ ಹಳ್ಳ, ಅದೇ ಬಂಡೆ, ಅದೇ ಬೇಟೆಯ ಬಯಲು. ಗಂಡುಮರಿಗಳು ಕೇಸರ ಮೂಡುವ ಹೊತ್ತಿಗೆ ಹೊರಬೀಳಬೇಕು. ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಜೊತೆಗೂಡಿ ಅಲೆಯುತ್ತಾರೆ. ಬಲ ಬಂದ ಮೇಲೆ ಬೇರೆ ಯಾವುದೋ ಹಿಂಡಿನ ಗಂಡುಗಳನ್ನು ಓಡಿಸಿ ಅಲ್ಲಿ ನಿಲ್ಲುತ್ತಾರೆ. ಎರಡು ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಆಮೇಲೆ ಇನ್ನೂ ಬಲವಾದವರು ಬರುತ್ತಾರೆ.

“ಸಿಂಹದ ಮನಿ ಹೆಣಮಕ್ಕಳದು ಮಮ್ಮಿ. ಗಂಡಸರು ನಮ್ಮಂಗ ವೀಸಾದ ಮ್ಯಾಲೆ ಇರವ್ರು. ವೀಸಾ ಮುಗೀತು, ಖಲಾಸ್,” ಎಂದು ನಕ್ಕಿದ್ದ.

ಅಲ್ಲಿ ದೊಡ್ಡ ಮಳೆ ಶುರುವಾದ ತಿಂಗಳಲ್ಲಿ ಅವನ ಜೀಪು ಹಳ್ಳ ದಾಟುವಾಗ ಮಗುಚಿತು. ಹೆಣ ತರಲು ಸಿದ್ದೇಶನೊಬ್ಬನೇ ಹೋದ. ತಂದು ಊರಿನ ಹೊಲದಲ್ಲಿ, ಅವನ ಅಜ್ಜನ ಸಮಾಧಿಯ ಮಗ್ಗುಲಿಗೆ ಇಟ್ಟರು. ಸಮಾಧಿಯ ಗವಿ ಮುಚ್ಚಿದ ದಿನ ದಾನೇಶ್ವರಿ ಗಂಡನನ್ನು ಕೇಳಿದ್ದು ಒಂದೇ ಮಾತು, ಹುಡುಗನಿಗೆ ನೋವಾಯಿತೇ ಎಂದು. ಇಲ್ಲ, ಒಂದು ಕ್ಷಣದಲ್ಲಿ ಎಲ್ಲ ಮುಗಿದುಹೋಗಿತ್ತು ಎಂದು ಸಿದ್ದೇಶ ಹೇಳಿದ. ಮೂವತ್ತು ವರ್ಷ ನೋವು ನೋಡಿಕೊಂಡೇ ಬಂದಿದ್ದ ಆಕೆಗೆ ಆ ಮಾತೊಂದು ಆಸರೆಯಾಯಿತು.

ಅಲ್ ಐನ್‌ಗೆ ಮರಳಿದ ಮೇಲೆ ಮಗನ ಪೆಟ್ಟಿಗೆಯಲ್ಲಿ ಫೋನು ಸಿಕ್ಕಿತು. ಚಾರ್ಜಿಗೆ ಹಾಕಿದಳು. ಹೊತ್ತಿಕೊಂಡಿತು. ನಕ್ಷೆ ತೆರೆಯಿತು. ಮಲ್ಲ ಒಂದು ಕಡೆ, ಬಸವ್ವ ಒಂದು ಕಡೆ. ಸುಮ್ಮನೆ ನೋಡುತ್ತ ನಿಂತಿದ್ದಾಗ ನೀಲಿ ಚುಕ್ಕಿ ಕಣ್ಣೆದುರಿಗೇ ಒಂದಿಷ್ಟು ಜರುಗಿತು. ಎಲ್ಲೋ ಒಂದು ಜೀವ ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂತಿತ್ತು, ಆ ಸುದ್ದಿ ಮಗನ ಹೆಸರಿಗೆ ಬಂದಿತ್ತು.

ನಕ್ಷೆಯಲ್ಲಿ ಆ ಹಳ್ಳವೂ ಇತ್ತು. ಜೀಪು ಮಗುಚಿದ ಜಾಗವನ್ನು ಲವಿಟಾಳನ್ನು ಕೇಳಿ ಗುರುತು ಮಾಡಿಕೊಂಡಿದ್ದಳು. ಲವಿಟಾ ಮಂಗಳೂರಿನ ಕಡೆಯ ಹುಡುಗಿ, ಅಬುಧಾಬಿಯಲ್ಲಿ ಬೆಳೆದವಳು. ಕೀನ್ಯಾದಲ್ಲಿ ಅಭಿನವನ ಜೊತೆ ಕೆಲಸ ಮಾಡಿದ್ದಳು. ಅವನು ಹೋದ ಮೇಲೆ ಕಾಡಿಗೆ ಕಾಲಿಡಲಾಗದೆ ಅಬುಧಾಬಿಗೆ ಮರಳಿ, ಇಲ್ಲಿಂದಲೇ ತಂಡದ ನಕ್ಷೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದಳು. ಹಳ್ಳದ ಆ ದಡಕ್ಕೆ ಮಲ್ಲ ಮತ್ತೆ ಮತ್ತೆ ಹೋಗುವುದನ್ನು ದಾನೇಶ್ವರಿ ಕಂಡಳು. ಹೋಗಿ ಇಡೀ ಮಧ್ಯಾಹ್ನ ಅಲ್ಲೇ ಇರುತ್ತಿದ್ದ. ಅಲ್ಲಿ ನೆರಳಿದೆ ಆಂಟಿ, ನೀರಿದೆ, ಅದಕ್ಕೇ ಎಂದು ಲವಿಟಾ ಹೇಳಿದಳು. ದಾನೇಶ್ವರಿ ಹೂಂ ಅಂದಳು. ಆದರೆ ಮಲ್ಲ ಆ ದಡದಲ್ಲಿರುವ ದಿನ ಆಕೆ ಮನೆಯಲ್ಲಿ ಟಿವಿ ಹಚ್ಚುತ್ತಿರಲಿಲ್ಲ, ಜೋರಾಗಿ ಮಾತಾಡುತ್ತಿರಲಿಲ್ಲ. ಪೂಜೆ ಮುಗಿಸಿ ವಿಭೂತಿಯ ಬೆರಳನ್ನು ಫೋನಿನ ಹಿಂಬದಿಗೆ ಒತ್ತುತ್ತಿದ್ದಳು. ಸಿದ್ದೇಶ ನೋಡಿಯೂ ನೋಡದವನಂತೆ ಪಾದರಕ್ಷೆ ಮೆಟ್ಟಿ ಖರ್ಜೂರದ ತೋಟದ ಕಡೆ ನಡೆದುಬಿಡುತ್ತಿದ್ದ.

ಎರಡನೆಯ ವರ್ಷ ಜಟ್ಟಿ ಕಾಡುಕೋಣದ ಕೊಂಬಿಗೆ ಸಿಕ್ಕು ಸತ್ತ. ಇನ್ನು ಮಲ್ಲನಿಗೆ ಕಷ್ಟ ಎಂದು ಲವಿಟಾ ಆಗಲೇ ಹೇಳಿದ್ದಳು. ರಾತ್ರಿ ಇಬ್ಬರು ಗರ್ಜಿಸುತ್ತಿದ್ದ ಜಾಗದಲ್ಲಿ ಒಬ್ಬನ ದನಿ ಮಾತ್ರ ಕೇಳಿದರೆ ಹೊರಗಿನವರಿಗೆ ಗೊತ್ತಾಗಿಬಿಡುತ್ತದೆ. ಗೊತ್ತಾಗಿಯೇಬಿಟ್ಟಿತು. ಉತ್ತರದ ಗುಡ್ಡಗಳ ಕಡೆಯಿಂದ ಮೂರು ಗಂಡುಗಳು ಇಳಿದು ಬಂದವು, ಒಂದೇ ಹಿಂಡಿನಲ್ಲಿ ಹುಟ್ಟಿ ಬೆಳೆದವು. ಬಸವ್ವನ ಚುಕ್ಕಿ ಹಿಂಡನ್ನು ಬಿಟ್ಟು ಬಂಡೆಗಳ ನಡುವೆ ಸೇರಿತು. ಎಳೆಯ ಮರಿಗಳನ್ನು ಬಚ್ಚಿಡಲು ಹೋಗಿದ್ದಾಳೆ ಎಂದಳು ಲವಿಟಾ. ಹೊಸಬರು ಹಳಬರ ಮರಿಗಳನ್ನು ಉಳಿಸುವುದಿಲ್ಲ. ಬಂಡೆಗಳ ನಡುವೆ ಆ ಚುಕ್ಕಿ ವಾರಗಟ್ಟಲೆ ಸಣ್ಣ ಸಣ್ಣ ಸುತ್ತು ಹಾಕಿತು. ಆಮೇಲೊಂದು ದಿನ ನೇರವಾಗಿ ಬಯಲಿಗೆ ಇಳಿದು ಹಿಂಡಿಗೆ ಮರಳಿತು. ಮರಿಗಳ ಸುದ್ದಿಯನ್ನು ದಾನೇಶ್ವರಿ ಕೇಳಲಿಲ್ಲ.

ಮಲ್ಲನ ಚುಕ್ಕಿ ಮಾತ್ರ ಹಳ್ಳದ ಆಚೆಗೆ ಬಿತ್ತು. ಹಳ್ಳದ ದಡಕ್ಕೆ ಬರುವುದು, ನಿಲ್ಲುವುದು, ಹಿಂದಿರುಗುವುದು. ಸುತ್ತ ದನಗಾಹಿಗಳ ಊರುಗಳು. ದಿನದಿಂದ ದಿನಕ್ಕೆ ಚುಕ್ಕಿಯ ನಡಿಗೆ ಗಿಡ್ಡವಾಯಿತು. ಒಂದು ದಿನ ಬೆಳಿಗ್ಗೆ ನೋಡಿದರೆ ಇದ್ದಲ್ಲೇ ಇತ್ತು. ಮರುದಿನವೂ ಅಲ್ಲೇ. ದಾನೇಶ್ವರಿ ಊಟ ಬಿಟ್ಟಳು. ಡ್ಯೂಟಿಗೆ ಹೋದವಳು ವಾರ್ಡಿನ ಬಾಗಿಲಲ್ಲಿ ಕುಸಿದು ಬಿದ್ದಳು. ಸಿದ್ದೇಶ ಓಡಿಬಂದಾಗ ಆಕೆ ಕೇಳಿದ್ದು ತನ್ನ ಬಿಪಿ ಎಷ್ಟಾಗಿದೆ ಎಂದಲ್ಲ, ಮಲ್ಲ ಎದ್ದನೇ ಎಂದು.

ಮನೆಗೆ ಬಂದ ಮೇಲೆ ಸಿದ್ದೇಶನೇ ಫೋನು ತಂದು ಕೈಗಿಟ್ಟ. ನೀಲಿ ಚುಕ್ಕಿ ಎದ್ದಿತ್ತು. ಎದ್ದಿದ್ದಷ್ಟೇ ಅಲ್ಲ, ಹಳ್ಳ ದಾಟಿ ಹಳೆಯ ಬಯಲಿಗೆ ಬಂದಿತ್ತು. ನಾಲ್ಕು ದಿನದಲ್ಲಿ ಬಸವ್ವನ ಪಕ್ಕದಲ್ಲೇ ಇತ್ತು.

ಆ ಸಂಭ್ರಮಕ್ಕೆ ದಾನೇಶ್ವರಿ ಹೂರಣ ರುಬ್ಬಿ ಹೋಳಿಗೆ ಮಾಡಿದಳು. ಮಿರ್ದಿಫ್‌ನಲ್ಲಿದ್ದ ಮಗಳು ಪ್ರತೀಕ್ಷಾಳಿಗೆ ಫೋನು ಮಾಡಿ, ಮಲ್ಲ ಮನೆಗೆ ಬಂದ, ಮೂರು ಮಂದಿಯನ್ನು ಒಬ್ಬನೇ ಓಡಿಸಿ ಬಂದ ಎಂದು ಹೇಳಿದಳು. ಪ್ರತೀಕ್ಷಾ “ದಟ್ಸ್ ನೈಸ್, ಮಮ್ಮಿ” ಎಂದಳು.

ಅಂದಿನಿಂದ ಆಕೆ ಚೇತರಿಸಿಕೊಂಡಳು. ಡ್ಯೂಟಿಗೆ ಮರಳಿದಳು, ತಲೆಗೆ ಬಣ್ಣ ಹಚ್ಚಿದಳು, ಕನ್ನಡ ಸಂಘದವರ ಯುಗಾದಿ ಊಟಕ್ಕೂ ಹೋಗಿಬಂದಳು. ನೀಲಿ ಚುಕ್ಕಿ ಈಗಲೂ ಹಳ್ಳದ ದಡಕ್ಕೆ ಹೋಗುತ್ತಿತ್ತು, ಇಡೀ ಮಧ್ಯಾಹ್ನ ಇರುತ್ತಿತ್ತು. ತನ್ನ ಮಗನ ಜಾಗ ಕಾಯಲು ಒಬ್ಬನಿದ್ದಾನೆ ಎಂಬ ನೆಮ್ಮದಿಯಲ್ಲಿ ಆಕೆ ಸೋಮವಾರದ ಉಪವಾಸವನ್ನೂ ಮಲ್ಲನ ಹೆಸರಿಗೇ ಹಿಡಿದಳು.

ಅದೇ ಆಸ್ಪತ್ರೆಯಲ್ಲಿ ಉಳ್ಳಾಲದ ಜಮೀಲ ಎಂಬ ನರ್ಸ್ ಇದ್ದಳು. ಈದ್ ರಜೆಗೆ ಅವಳೂ ಗಂಡ ಜಂಶೀರನೂ ಕೀನ್ಯಾಕ್ಕೆ ಹೊರಟರು. ದಾನೇಶ್ವರಿ ಆ ಹುಲ್ಲುಗಾವಲಿನ ಹೆಸರು ಹೇಳಿ, ಸಾಧ್ಯವಾದರೆ ಅಲ್ಲಿಗೂ ಹೋಗಿಬರಲು ಕೇಳಿಕೊಂಡಳು. ಕೊರಳಪಟ್ಟಿ ಕಟ್ಟಿದ ಗಂಡು, ಕಪ್ಪು ಕೇಸರ, ಬಲಗಿವಿಯಲ್ಲಿ ಹರಿದ ಕಚ್ಚು. ಜಮೀಲ ಹೋಗಿಬಂದಳು. ಕ್ಯಾಂಟೀನಿನಲ್ಲಿ ಸುಲೈಮಾನಿ ಚಹಾದ ಲೋಟ ಬದಿಗೆ ಸರಿಸಿ ಫೋನು ಮುಂದಿಟ್ಟಳು.

“ದಾನಕ್ಕ, ನಿಮ್ಮ ಮಲ್ಲ ಸಿಕ್ಕಿದ ನೋಡಿ. ಹೆಂಡತಿಯ ಬದಿಯಲ್ಲೇ ಬಿದ್ದುಕೊಂಡಿದ್ದಾನೆ, ರಾಜನ ಹಾಗೆ.”

ವಿಡಿಯೊದಲ್ಲಿ ಮುದಿ ಸಿಂಹಿಣಿಯೊಬ್ಬಳು ಕಣ್ಣು ಕಿರಿದು ಮಾಡಿ ಕೂತಿದ್ದಳು. ಬಸವ್ವನೇ; ಮೂಗಿನ ಮೇಲಿನ ಹಳೆಯ ಗೀರು ದಾನೇಶ್ವರಿಗೆ ಗೊತ್ತಿತ್ತು. ಪಕ್ಕದಲ್ಲಿ ಕೊರಳಪಟ್ಟಿಯ ಗಂಡು. ಅದು ಮೆಲ್ಲಗೆ ತಲೆಯೆತ್ತಿ ಕ್ಯಾಮೆರಾ ಕಡೆ ನೋಡಿತು. ಒಣಹುಲ್ಲಿನ ಬಣ್ಣದ ಕೇಸರ. ಬಲಗಿವಿ ದುಂಡಗೆ, ಇಡಿಯಾಗಿತ್ತು.

ಆಕೆ ವಿಡಿಯೊವನ್ನು ಅಲ್ಲಿಗೇ ನಿಲ್ಲಿಸಿ ಮುಖವನ್ನು ಹಿಗ್ಗಿಸಿದಳು. ಮೀಸೆ ಹುಟ್ಟುವ ಕಡೆಯ ಚುಕ್ಕಿಗಳ ಸಾಲು ಒಂದು ಸಿಂಹದ ಹಾಗೆ ಇನ್ನೊಂದಕ್ಕೆ ಇರುವುದಿಲ್ಲ, ಬೆರಳಚ್ಚಿನ ಹಾಗೆ ಎಂದು ಮಗ ಹೇಳಿಕೊಟ್ಟಿದ್ದ. ಮಲ್ಲನ ಮುಖ ಮಗನ ಫೋನಿನ ಪರದೆಯ ಮೇಲೇ ಇತ್ತು, ಆಕೆ ದಿನಾ ನೋಡುವ ಮುಖ. ಇದು ಅದಲ್ಲ. ಆದರೆ ಜಮೀಲ ಹೇಳಿದ ದಿನ, ಹೇಳಿದ ಜಾಗದಲ್ಲಿ ನೀಲಿ ಚುಕ್ಕಿ ಇತ್ತು. ಎರಡನ್ನೂ ಆಕೆ ಮನೆಗೆ ಹೋಗಿ ಮತ್ತೊಮ್ಮೆ ತಾಳೆ ನೋಡಿದಳು. ಗಂಡನಿಗೆ ಏನೂ ಹೇಳಲಿಲ್ಲ. ಜೋಳದ ರೊಟ್ಟಿ ಬಡಿದು ಬಡಿಸಿದಳು. ಅವನು ಇನ್ನೊಂದು ಹಾಕು ಎಂದ. ಹಾಕಿದಳು.

ಮರುದಿನ ರಜೆ ಹಾಕಿ ಅಬುಧಾಬಿಯ ಬಸ್ಸು ಹತ್ತಿದಳು. ಲವಿಟಾಳ ಆಫೀಸು ಹಮ್ದಾನ್ ಸ್ಟ್ರೀಟಿನ ಹಳೆಯ ಕಟ್ಟಡವೊಂದರಲ್ಲಿತ್ತು. ಕೆಳಗಿನ ಕೆಫೆಟೀರಿಯಾದಲ್ಲಿ ಕೂತು ಅವಳಿಗೆ ಬರಹೇಳಿದಳು. ಲವಿಟಾ ನಗುತ್ತ ಬಂದವಳು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದ ಎರಡು ಫೋನುಗಳನ್ನು, ಎರಡು ಸಿಂಹಗಳ ಮುಖಗಳನ್ನು ನೋಡಿ ಕೂರದೆ ನಿಂತುಬಿಟ್ಟಳು.

“ಆಂಟಿ, ಮಲ್ಲ ಇಲ್ಲ,” ಎಂದಳು ಕೊನೆಗೆ. “ನೀವು ವಾರ್ಡಿನಲ್ಲಿ ಬಿದ್ದಿರಲ್ಲ, ಅದರ ಮೊದಲೇ ಅವ ಸತ್ತಿದ್ದ. ಆ ಮೂವರು ಕಚ್ಚಿದ ಗಾಯ ವಾಸಿಯಾಗಲೇ ಇಲ್ಲ.”

ಉಳಿದದ್ದನ್ನು ಅವಳು ಕೂತು, ಕಾಗದದ ಲೋಟವನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದಳು. ಆ ದಿನ ಸಿದ್ದೇಶ ಅಂಕಲ್ ಫೋನು ಮಾಡಿ ಅತ್ತಿದ್ದರು. ಮಗನೂ ಹೋದ, ಇವಳೂ ಹೋಗುತ್ತಾಳೆ, ಏನಾದರೂ ಮಾಡು ಎಂದಿದ್ದರು. ಹೊಸಬರಲ್ಲಿ ಒಬ್ಬನಿಗೆ ತಂಡದವರು ಆಗಷ್ಟೇ ಪಟ್ಟಿ ಕಟ್ಟಿದ್ದರು. ಅವನ ಚುಕ್ಕಿಯನ್ನು ಆ ಫೋನಿಗೆ ಜೋಡಿಸಿ ಮಲ್ಲ ಎಂದು ಹೆಸರು ಹಾಕಿದ್ದು ತಾನೇ. ಸ್ವಲ್ಪ ದಿನಕ್ಕೆ ಎಂದುಕೊಂಡದ್ದು. ಆಮೇಲೆ ಹೇಳಲು ಬಾಯಿ ಬರಲಿಲ್ಲ.

ದಾನೇಶ್ವರಿ ರಸ್ತೆಯ ಕಡೆ ತಿರುಗಿದಳು. ಎದುರಿನ ಬಟ್ಟೆ ಅಂಗಡಿಯವನು ಗೊಂಬೆಯೊಂದಕ್ಕೆ ಅಬಾಯಾ ತೊಡಿಸುತ್ತಿದ್ದ.

“ಬಸವ್ವನ ಮರಿ ಕೊಂದಾವಂಗ ನಾ ದಿನಾ ವಿಭೂತಿ ಹಚ್ಚೀನಿ,” ಎಂದಳು.

ಲವಿಟಾ ಆಕೆಯ ಕೈ ಹಿಡಿಯಲು ಹೋದಳು. ಅದು ಸಿಂಹಗಳ ರೀತಿ, ಅದರಲ್ಲಿ ಸಿಟ್ಟೂ ಇಲ್ಲ ದ್ವೇಷವೂ ಇಲ್ಲ ಎಂದು ಸಮಾಧಾನ ಮಾಡುತ್ತ, ಆ ಮಾತಿನ ಓಘದಲ್ಲೇ, ಮಲ್ಲನೂ ಜಟ್ಟಿಯೂ ಆ ಹಿಂಡಿಗೆ ಬಂದಾಗ ಅದನ್ನೇ ಮಾಡಿದ್ದರು, ಬಸವ್ವನ ಮೊದಲಿನ ಮರಿಗಳು ಹೋದದ್ದು ಮಲ್ಲನಿಂದಲೇ ಎಂದುಬಿಟ್ಟಳು. ಅಭಿ ಆಗ ಅಲ್ಲೇ ಇದ್ದ, ಕಣ್ಣಾರೆ ಕಂಡಿದ್ದ. ಮಮ್ಮಿಗೆ ಹೇಳಬೇಡ ಎಂದು ತನಗೂ ಹೇಳಿದ್ದ.

ದಾನೇಶ್ವರಿ ತಲೆಯಾಡಿಸಿದಳು. ಮಗ ಬಾಗಿಲಿಗೊರಗಿ ಹೇಳಿದ ಕಥೆಗಳಲ್ಲಿ ಮಲ್ಲ ಹಿಂಡನ್ನು ಕಾಯುವವನಷ್ಟೇ ಆಗಿದ್ದ. ಹಾಗಾದರೆ ಅವನೂ ಸೋಸಿಯೇ ಹೇಳಿದ್ದ.

ಬೀಳ್ಕೊಡುವಾಗ ಲವಿಟಾ ಇನ್ನೊಂದು ಮಾತು ಹೇಳಿದಳು. ಮಲ್ಲನ ಮಗಳೊಬ್ಬಳು ಉಳಿದಿದ್ದಾಳೆ. ಹೊಸಬರು ಬಂದಾಗ ಬೆಳೆದ ಮರಿ, ಓಡಿ ತಪ್ಪಿಸಿಕೊಳ್ಳುವಷ್ಟು ಬಲ ಕಾಲಿನಲ್ಲಿತ್ತು. ಈಗ ಆ ಬಂಡೆಗಳ ನಡುವೆಯೇ ಓಡಾಡುತ್ತಾಳೆ, ಬಸವ್ವನ ಜೊತೆ ಬೇಟೆಗೆ ಹೋಗುತ್ತಾಳೆ. ದಾನೇಶ್ವರಿ ಅವಳ ಮುಖವನ್ನೇ ನೋಡಿ, ಇದು ಖರೆ ಇದೆಯೇ ಎಂದು ಕೇಳಿದಳು. ಲವಿಟಾ ಅತ್ತುಬಿಟ್ಟಳು.

ಅಲ್ ಐನ್‌ಗೆ ಮರಳುವ ದಾರಿಯುದ್ದಕ್ಕೂ ಕೆಂಪು ಮರಳಿನ ದಿಬ್ಬಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಕೂತಿದ್ದ ದಾನೇಶ್ವರಿಗೆ ಸಿಂಹಗಳ ವಿಚಾರ ಹಿಂದೆ ಸರಿದು ಬೇರೊಂದು ಮಾತು ಎದ್ದು ನಿಂತಿತು. ‘ಒಂದು ಕ್ಷಣದಲ್ಲಿ ಎಲ್ಲ ಮುಗಿದುಹೋಗಿತ್ತು.’ ಆ ಮಾತನ್ನೂ ಹೇಳಿದವನು ಸಿದ್ದೇಶನೇ. ಅಲ್ಲಿಗೆ ಹೋಗಿ ಕಂಡುಬಂದವನು ಅವನೊಬ್ಬನೇ. ಮೂರು ವರ್ಷ ಆಕೆ ಒರಗಿಕೊಂಡಿದ್ದ ಗೋಡೆ ಅದು. ಈಗ ಆ ಗೋಡೆಯ ಹಿಂದೆ ಯಾರೋ ಉಸಿರಾಡುತ್ತಿರುವಂತೆ ಅನ್ನಿಸತೊಡಗಿತು.

ಮನೆಗೆ ಬಂದಾಗ ಸಿದ್ದೇಶ ಸೋಫಾದ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದ. ಲವಿಟಾ ಆಗಲೇ ಫೋನು ಮಾಡಿದ್ದಳೆಂದು ಅವನ ಮುಖವೇ ಹೇಳುತ್ತಿತ್ತು. ಹಣ್ಣನ್ನು ಹಾಗೇ ಕೆಳಗಿಟ್ಟು, ಮಲ್ಲನ ವಿಷಯವನ್ನು ತಾನಾಗಿ ಎತ್ತಿದ. ನೀನು ಬದುಕಿದರೆ ಸಾಕಾಗಿತ್ತು ನನಗೆ ಎಂದ. ತಪ್ಪಾಯಿತು ಎಂದ. ಆಕೆ ಪೂರ್ತಿ ಕೇಳಿಸಿಕೊಂಡಳು. ಎದುರಿನ ಕುರ್ಚಿಯಲ್ಲಿ ಪರ್ಸನ್ನು ತೊಡೆಯ ಮೇಲಿಟ್ಟುಕೊಂಡು, ಪರರ ಮನೆಗೆ ಬಂದವಳಂತೆ ಕೂತಿದ್ದಳು.

“ಮಲ್ಲಂದು ಬಿಡ್ರಿ. ಅಭಿದು ಹೇಳ್ರಿ. ನೀವು ಹೇಳಿದಂಗಽ ಆಗಿತ್ತೇನು?”

ಸಿದ್ದೇಶ ತಡೆದು ಹೌದು ಎಂದ. ಅಷ್ಟು ತಡೆದದ್ದೇ ಸಾಕಾಯಿತು. ಆಕೆ ಮತ್ತೆ ಕೇಳಲಿಲ್ಲ, ಎದ್ದೂ ಹೋಗಲಿಲ್ಲ. ಹೊರಗೆ ಸಂಜೆಯ ಮಗ್ರಿಬ್‌ನ ಬಾಂಗು ಆಗಿ ಮುಗಿಯಿತು. ಕೋಣೆಯಲ್ಲಿ ಕತ್ತಲಾಗುತ್ತ ಬಂದರೂ ಇಬ್ಬರೂ ದೀಪ ಹಾಕಲಿಲ್ಲ.

“ಇಲ್ಲ,” ಎಂದ ಆಮೇಲೆ. ತಂಡದವರಿಗೂ ಬಾಯಿ ಬಿಡಬೇಡಿ ಎಂದಿದ್ದೆ ಎಂದ.

ಜೀಪು ಮಗುಚಿದ್ದು ಬೆಳಿಗ್ಗೆ. ದನಗಾಹಿಗಳು ಅಭಿನವನನ್ನು ನೀರಿನಿಂದ ಎಳೆದು ಹತ್ತಿರದ ಊರಿನ ಚಿಕ್ಕ ದವಾಖಾನೆಗೆ ತಂದಿದ್ದರು. ಪ್ರಜ್ಞೆ ಇತ್ತು. ಎದೆಗೆ ಪೆಟ್ಟಾಗಿತ್ತು, ಒಳಗೆ ರಕ್ತ ಸೋರುತ್ತಿರುವುದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಅವನನ್ನು ದೊಡ್ಡ ಆಸ್ಪತ್ರೆಗೆ ಒಯ್ಯಲು ಸಣ್ಣ ವಿಮಾನ ಬರಬೇಕಿತ್ತು, ಮಳೆಗೆ ತಡವಾಯಿತು. ಕಾಯುತ್ತ ಮಲಗಿದ್ದವನು ಯಾರದೋ ಫೋನಿನಿಂದ ಸಿದ್ದೇಶನಿಗೆ ಕರೆ ಮಾಡಿದ್ದ. ದನಿ ಚೆನ್ನಾಗಿಯೇ ಇತ್ತು. ದಾನೇಶ್ವರಿ ಆಗ ಥಿಯೇಟರಿನಲ್ಲಿದ್ದಳು, ಆಕೆಯ ಫೋನು ಲಾಕರಿನಲ್ಲಿತ್ತು. ಆಸ್ಪತ್ರೆಗೆ ಹೇಳಿಕಳಿಸಿದ್ದರೆ ಹೊರಗೆ ಕರೆಯುತ್ತಿದ್ದರು. ಸಿದ್ದೇಶ ಹೇಳಿಕಳಿಸಲಿಲ್ಲ. ಸುಮ್ಮನೆ ಗಾಬರಿಯಾಗುತ್ತಾಳೆ, ಹುಡುಗ ದೊಡ್ಡ ಆಸ್ಪತ್ರೆ ಸೇರಿದ ಮೇಲೆ ಹೇಳಿದರಾಯಿತು ಎಂದುಕೊಂಡ. ಮಧ್ಯಾಹ್ನದ ಹೊತ್ತಿಗೆ ಎರಡನೆಯ ಕರೆ ಬಂತು. ಅದನ್ನು ಮಾಡಿದವರು ಬೇರೆಯವರು.

ದಾನೇಶ್ವರಿ ಒಂದೇ ಒಂದು ಪ್ರಶ್ನೆ ಕೇಳಿದಳು. “ನನ್ನ ಕೇಳಿದನೇನು?”

“ಕೇಳಿದ.”

“ಏನಂದ? ಅಂವ ಅಂದಂಗಽ ಹೇಳ್ರಿ.”

ಸಿದ್ದೇಶ ಎದ್ದು ನೀರು ಕುಡಿದು ಬಂದು ನಿಂತೇ ಹೇಳಿದ: “‘ಮಮ್ಮಿ ಡ್ಯೂಟಿಗೆ ಹೋಗ್ಯಾಳೇನು ಪಪ್ಪಾ? ಇರ್ಲಿ ಬಿಡು. ಸಂಜಿಗೆ ನಾನಽ ಫೋನ್ ಮಾಡ್ತೀನಿ.’ ಅಷ್ಟಽ ಅಂದ.”

ಆಕೆ ಅಳಲಿಲ್ಲ. ಆ ಮಾತನ್ನು ತುಟಿಯಲ್ಲೇ ಒಮ್ಮೆ ಆಡಿಕೊಂಡಳು. ಆಮೇಲೆ, ಇದು ನನ್ನ ಮಾತು, ನನಗೆ ಅಂದ ಮಾತು, ಮೂರು ವರ್ಷ ನೀವು ಇದನ್ನು ನಿಮ್ಮ ಹತ್ತಿರ ಇಟ್ಟುಕೊಂಡಿರಿ ಎಂದು ಬಹಳ ಮೆಲ್ಲಗೆ ಹೇಳಿದಳು.

ಮರುದಿನ ಚೀಲ ತುಂಬಿಕೊಂಡು ಮಿರ್ದಿಫ್‌ಗೆ ಹೋದಳು. ಮಗನ ಫೋನನ್ನು ಒಯ್ಯಲಿಲ್ಲ. ಪ್ರತೀಕ್ಷಾಳ ಅಪಾರ್ಟ್‌ಮೆಂಟಿನ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಕಿಟಕಿಯ ಗಾಜು ಗುಯ್ಗುಡುತ್ತಿತ್ತು. ಮಲ್ಲ ಸತ್ತದ್ದು ಪ್ರತೀಕ್ಷಾಳಿಗೂ ಗೊತ್ತಿತ್ತು. “ವಿ ವರ್ ಸ್ಕೇರ್ಡ್ ಫಾರ್ ಯು, ಮಮ್ಮಿ,” ಎಂದು ತಾಯಿಯ ಮಡಿಲಲ್ಲಿ ತಲೆಯಿಟ್ಟಳು. ತಮ್ಮನ ಕರೆಯ ವಿಷಯ ಮಾತ್ರ ಅವಳಿಗೂ ಹೊಸದು.

ಅಲ್ಲಿ ದಾನೇಶ್ವರಿಗೆ ಹಗಲು ಹೇಗೋ ಕಳೆಯುತ್ತಿತ್ತು. ಸಂಜೆಯಾದರೆ ಆಗುತ್ತಿರಲಿಲ್ಲ. ಬಿಸಿಲು ಕೆಂಪಾಗುವ ಹೊತ್ತಿಗೆ ಕೈಯಲ್ಲಿನ ಕೆಲಸ ನಿಲ್ಲುತ್ತಿತ್ತು. ಯಾರ ಫೋನು ಸದ್ದು ಮಾಡಿದರೂ ತಿರುಗಿ ನೋಡುತ್ತಿದ್ದಳು. ಮೂರು ವರ್ಷದ ಅಷ್ಟೂ ಸಂಜೆಗಳು ಈಗ ಒಟ್ಟಿಗೆ ಬಂದು ಕೂತಂತಿತ್ತು. ಆ ದಿನ ಮಧ್ಯಾಹ್ನ ಥಿಯೇಟರಿನಿಂದ ಹೊರಬಂದು ತಾನು ಏನು ಮಾಡುತ್ತಿದ್ದೆ ಎಂದು ನೆನೆಸಿಕೊಳ್ಳಲು ನೋಡಿದಳು. ಕೈ ತೊಳೆದಿರಬೇಕು. ಯಾರದೋ ಜೊತೆ ನಕ್ಕಿರಲೂಬೇಕು. ನೆನಪಾಗಲಿಲ್ಲ. ಸಿದ್ದೇಶನ ಮೇಲಿನ ಸಿಟ್ಟು ಏಳುತ್ತಿತ್ತು, ಆದರೆ ಎಷ್ಟೇ ಎದ್ದರೂ ಕೊನೆಗೆ ಅದೇ ಮಾತಿಗೆ ಬಂದು ನಿಲ್ಲುತ್ತಿತ್ತು. ಇರ್ಲಿ ಬಿಡು ಎಂದಿದ್ದ ಹುಡುಗ. ಸಂಜೆಯವರೆಗೆ ತಾನಿರುತ್ತೇನೆ ಎಂದೇ ಅವನೂ ನಂಬಿದ್ದ.

ಆ ದನಿಯನ್ನು ಕೇಳಿದ ಕಿವಿ ಲೋಕದಲ್ಲಿ ಒಂದೇ ಇತ್ತು. ಅದು ಅಲ್ ಐನ್‌ನಲ್ಲಿ, ಒಬ್ಬಂಟಿಯಾಗಿ ಅನ್ನ ಬೇಯಿಸಿಕೊಳ್ಳುತ್ತಿತ್ತು. ಎರಡನೆಯ ವಾರ ಆಕೆ ವಾಪಸು ಹೋದಳು.

ಸಿದ್ದೇಶ ಸೊರಗಿದ್ದ. ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿನಲ್ಲೇ ಇತ್ತು. ತಾನಿಲ್ಲದಾಗ ಅದನ್ನು ನೋಡಿಕೊಂಡಿದ್ದಾನೆಂದು ಆಕೆಗೆ ತಿಳಿಯಿತು. ಲವಿಟಾ ನೀಲಿ ಚುಕ್ಕಿಗೆ ಅದರ ಸ್ವಂತ ಗುರುತನ್ನು, ತಂಡದವರು ಕೊಟ್ಟಿದ್ದ ಒಂದು ಅಂಕಿಯನ್ನು ಮರಳಿ ಹಾಕಿದ್ದಳು. ಅದಕ್ಕೊಂದು ಹೆಸರು ಕೊಡುತ್ತೀರಾ ಆಂಟಿ ಎಂದು ಸಂದೇಶವನ್ನೂ ಕಳಿಸಿದ್ದಳು. ದಾನೇಶ್ವರಿ ಬೇಡ ಎಂದು ಬರೆದಳು. ಅದು ಮಲ್ಲನ ವೈರಿ ಎಂದು ಈಗ ಆಕೆಗೆ ಸಿಟ್ಟಿರಲಿಲ್ಲ. ಅದರ ದಿನವೂ ಬರುತ್ತದೆ, ಗುಡ್ಡ ಇಳಿದು ಇನ್ಯಾರೋ ಬರುತ್ತಾರೆ. ಬಸವ್ವನ ಕೆಂಪು ಚುಕ್ಕಿಯನ್ನು ನೋಡುವುದನ್ನು ಮಾತ್ರ ಬಿಡಲಿಲ್ಲ. ಬಂಡೆಗಳ ನಡುವೆ ಮಲ್ಲನ ಮಗಳಿಗೂ ಮರಿಗಳಾದ ಸುದ್ದಿ ಕೆಲವು ತಿಂಗಳ ಮೇಲೆ ಬಂತು. ಚಿತ್ರವೂ ಬಂತು. ಆಕೆ ಅದನ್ನು ಹಿಗ್ಗಿಸಿ, ಆ ಮಗಳು ಮರಿಯಾಗಿದ್ದಾಗಿನ ಹಳೆಯ ಚಿತ್ರದ ಜೊತೆ ಮೀಸೆಯ ಸಾಲುಗಳನ್ನು ತಾಳೆ ನೋಡಿ, ಸರಿ ಎಂದಳು.

ಗಂಡಹೆಂಡತಿಯ ನಡುವೆ ಮೊದಲಿನ ಮಾತು ಕೂಡಲೇ ಮರಳಲಿಲ್ಲ. ಬಂದ ಕೆಲವು ದಿನಗಳ ಮೇಲೆ, ಒಂದು ಸಂಜೆ, ಹಿತ್ತಿಲ ಬಾಗಿಲ ಬಳಿ ಕೂತಿದ್ದ ಸಿದ್ದೇಶನ ಪಕ್ಕ ದಾನೇಶ್ವರಿ ಕುರ್ಚಿ ಎಳೆದುಕೊಂಡು ಕೂತಳು.

“ಅಭಿ ಅಂದಿದ್ದು ಹೇಳ್ರಿ.”

ಅವನು ಹೇಳಿದ. ಆಕೆ ಕಣ್ಣು ಮುಚ್ಚಿ ಕೇಳಿದಳು, ಎದ್ದು ಒಳಗೆ ಹೋದಳು. ಮರುದಿನವೂ ಬಂದು ಕೂತಳು. ಅದೇ ರೂಢಿಯಾಯಿತು. ಕೆಲವು ದಿನ ಸಿದ್ದೇಶನಿಗೆ ದನಿ ಹೊರಡುತ್ತಿರಲಿಲ್ಲ, ಆಕೆ ಕಾಯುತ್ತಿದ್ದಳು. ಹೇಳುತ್ತ ಹೇಳುತ್ತ ಅವನ ದನಿ ಮಗನದರ ಹಾಗೆ ಆಗುತ್ತಿತ್ತು, ‘ಬಿಡು’ ಎನ್ನುವಾಗ ಅಭಿನವ ಎಳೆಯುತ್ತಿದ್ದಂತೆಯೇ ಎಳೆಯುತ್ತಿದ್ದ. ಅದು ಅವನಿಗೆ ತಿಳಿದಿತ್ತೋ ಇಲ್ಲವೋ. ಆಗೆಲ್ಲ ದಾನೇಶ್ವರಿಗೆ ತೋಳಿನ ಕೂದಲು ಏಳುತ್ತಿತ್ತು.

ಚಳಿಗಾಲದ ಒಂದು ಸಂಜೆ ಸಿದ್ದೇಶ ಎಂದಿನಂತೆ ಶುರುಮಾಡಿ, ಆಕೆಯ ಮುಖ ನೋಡಿ, ನಡುವೆ ಒಂದು ಮಾತು ಸೇರಿಸಿದ. “‘ಮಮ್ಮಿ ಡ್ಯೂಟಿಗೆ ಹೋಗ್ಯಾಳೇನು ಪಪ್ಪಾ? ಇರ್ಲಿ ಬಿಡು. ನಾ ಆರಾಮ ಅದೀನಿ ಅಂತ ಹೇಳು...’”

ದಾನೇಶ್ವರಿ ಕಣ್ಣು ತೆರೆದಳು.

“ಹಂಗ ಅಂದಿದ್ದಿಲ್ಲ ಅಂವ,” ಎಂದಳು.

ಸಿದ್ದೇಶ ತಲೆ ತಗ್ಗಿಸಿ ಕೂತ. ಗೋಡೆಯಾಚೆ ಪಕ್ಕದ ಮನೆಯವರು ಗಾಡಿ ಒಳಗೆ ತರುತ್ತಿದ್ದರು. ಗೇಟು ಸರಿದ ಸದ್ದು ನಿಲ್ಲುವವರೆಗೆ ಆಕೆ ಕಾದಳು. ಆಮೇಲೆ ಅವನ ಮೊಣಕಾಲ ಮೇಲೆ ಕೈಯಿಟ್ಟು, ಮೊದಲಿಂದ ಹೇಳಿ ಎಂದಳು. ಅವನು ಮೊದಲಿಂದ ಹೇಳಿದ.